ಪೇಪರಿನಲ್ಲೇ ಬಂದಿದೆ ಕಣ್ರೀ

ಸಿದ್ಧಾರ್ಥನಗರದ ಸಿದ್ದಮಲ್ಲಪ್ಪನವರಿಗೆ ಪೇಪರಿನಲ್ಲಿ ಅಚ್ಚಾದದ್ದೆಲ್ಲ ಸತ್ಯ. ಅದರಲ್ಲೂ ಒಳಪುಟದ ಹಾಸ್ಯದ ಕಾಲಂ ಪರಮಸತ್ಯ. ರಸ್ತೆಗುಂಡಿಗಳಲ್ಲಿ ಮೀನು ಸಾಕಲು ಹರಾಜು ಕರೆದಿದ್ದಾರೆ ಎಂದು ಅಲ್ಲಿ ಬಂದರೆ ಸಾಕು, ಹಣೆಯ ವಿಭೂತಿ ಒಣಗುವ ಮೊದಲೇ ಗೇಟಿನ ಬಳಿ ನಿಂತು, "ಶರಣರು ಓಡಾಡೋ ಬೀದೀಲಿ ಮೀನಂತೆ ಸ್ವಾಮಿ! ಪೇಪರಿನಲ್ಲೇ ಬಂದಿದೆ ಕಣ್ರೀ" ಎಂದು ಹೋಗಿಬರುವವರನ್ನೆಲ್ಲ ತಡೆಯುವರು. ಮೆಟ್ಟಿಲು ಹತ್ತಲಾರದ ಮಂತ್ರಿಗಳಿಗಾಗಿ ಚಾಮುಂಡಿ ಬೆಟ್ಟವನ್ನು ಅರ್ಧಕ್ಕೆ ತಗ್ಗಿಸುತ್ತಾರೆ ಎಂದು ಓದಿದ ದಿನವಂತೂ, ಪೂರ್ತಿ ಇರುವಾಗಲೇ ನೋಡಿಬಿಡೋಣ ಎಂದು ಹೆಂಡತಿ ಸರ್ವಮಂಗಳಾ ಅವರನ್ನು ಸುಡುಬಿಸಿಲಲ್ಲಿ ಬೆಟ್ಟ ಹತ್ತಿಸಿದ್ದರು. "ಅದು ತಮಾಷೆಗೆ ಬರ್ದಿರೋದು ಕಣ್ರೀ" ಎಂದು ಆಕೆ ಏದುಸಿರಿನಲ್ಲೇ ಹೇಳಿದರೆ, "ತಮಾಷೆಗೆ ಯಾರಾದ್ರೂ ಅಚ್ಚು ಹಾಕ್ತಾರೇನೇ? ಕಾಗದ ಏನು ಬಿಟ್ಟಿ ಬರುತ್ತಾ?" ಎಂದು ಗದರುವರು. ಆದರೆ ಮೀಸೆ ಮೂಡುವಾಗ ತಾವು ಸೇರಿದ್ದ ನೂಲಿನ ಗಿರಣಿ ಮುಂದಿನ ತಿಂಗಳಿಂದ ಮುಚ್ಚುತ್ತದೆ ಎಂದು ಮುಖಪುಟದಲ್ಲಿ ಬಂದ ಬೆಳಿಗ್ಗೆ ಅವರು ಗೇಟಿನ ಬಳಿ ಹೋಗಲಿಲ್ಲ. ಪೇಪರು ಹಿಡಿದು ಅಡುಗೆಮನೆಗೆ ಬಂದು, "ಮಂಗಳಾ, ಇದು ಆ ತಮಾಷೆಯವನೇ ಬರ್ದಿರೋದು, ಅಲ್ವೇನೇ?" ಎಂದು ಕೇಳಿದರು. ಸರ್ವಮಂಗಳಾ ಒಲೆಯ ಉರಿ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸುದ್ದಿಯನ್ನು ಕೊನೆಯವರೆಗೂ ಓದಿದರು. ಆಮೇಲೆ, "ಅವನೇ ಇರ್ಬೇಕು ಕಣ್ರೀ, ಅವನಿಗಿನ್ನೇನು ಕೆಲಸ" ಎಂದು ಎಂದಿನಂತೆ ಊಟದ ಡಬ್ಬಿ ತುಂಬಿಕೊಟ್ಟರು. ಕಂಡದ್ದನ್ನೆಲ್ಲ ನಂಬುವ ಸಿದ್ದಮಲ್ಲಪ್ಪನವರು ಆ ಮಾತೊಂದನ್ನು ಮಾತ್ರ ನಂಬಲಿಲ್ಲ. ಆದರೂ ನಕ್ಕು, ಡಬ್ಬಿ ಹಿಡಿದು ಗಿರಣಿಗೆ ಹೊರಟರು.