ತುಮಕೂರು ರಸ್ತೆಯಲ್ಲಿ ತಿರುಗಿದ ಗಾಡಿಸಾಲು

ಇದು ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿರುವುದಲ್ಲ. ನಾನೇ ಅಲ್ಲಿದ್ದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ದಯವಿಟ್ಟು ನಗಬೇಡಿ. ನನಗೆ ಸಿಟ್ಟು ಬರುತ್ತದೆ.

ಬೆಂಗಳೂರಿನಲ್ಲಿ ಚೆಂದದ ಬೀದಿ ಯಾವುದು ಎಂದರೆ ಜನ ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ದೊಡ್ಡ ಅಂಗಡಿಬೀದಿಗಳ ಹೆಸರು ಹೇಳುತ್ತಾರೆ. ಅಯ್ಯೋ, ಅದೇನು ಮಹಾ! ಅರವತ್ತರ ದಶಕದ ಶುರುವಿನಲ್ಲಿ ಗೊರಗುಂಟೆಪಾಳ್ಯದಿಂದ ಯಶವಂತಪುರಕ್ಕೆ ಬರುವ ತುಮಕೂರು ರಸ್ತೆಯನ್ನು ನೀವು ನೋಡಬೇಕಿತ್ತು. ಎರಡೂ ಬದಿಗೆ ಸಾಲುಮರ, ಮೇಲೆ ಕೊಂಬೆಗೆ ಕೊಂಬೆ ಸೇರಿ ನಡುಹಗಲಲ್ಲೂ ತಂಪು. ಹೊಂಗೆ ಹೂ ಉದುರುವ ಕಾಲದಲ್ಲಿ ಸೈಕಲ್ ಚಕ್ರದ ಸದ್ದೇ ಕೇಳುತ್ತಿರಲಿಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಟು ಗಂಟೆ ಎಣ್ಣೆ, ಕಬ್ಬಿಣ ಮೂಸಿದ ಮೂಗಿಗೆ ಆ ರಸ್ತೆಯ ಗಾಳಿ ಸ್ವರ್ಗ. ನಾನೂ ನನ್ನ ತಮ್ಮ ಮುನಿರಾಜುವೂ ರಾತ್ರಿ ಎರಡನೇ ಪಾಳಿ ಮುಗಿಸಿ, ಅದೇ ದಾರಿಯಲ್ಲಿ ಸೈಕಲ್ ತುಳಿದು ಯಶವಂತಪುರದ ಮನೆ ಸೇರುತ್ತಿದ್ದೆವು.

ಎಲ್ಲಕ್ಕಿಂತ ನನಗೆ ಇಷ್ಟವಾಗುತ್ತಿದ್ದದ್ದು ಗಾಡಿಸಾಲು. ನೆಲಮಂಗಲದ ಕಡೆಯಿಂದ ತರಕಾರಿ ತುಂಬಿಕೊಂಡು ಹತ್ತು ಹನ್ನೆರಡು ಎತ್ತಿನ ಗಾಡಿಗಳು ಒಂದರ ಹಿಂದೊಂದು ಪೇಟೆಗೆ ಹೋಗುತ್ತಿದ್ದವು. ಕೊರಳಗಂಟೆಯ ಸದ್ದು, ಗಾಡಿಯಡಿ ತೂಗುವ ಲಾಟೀನು, ಹಸಿ ಕೊತ್ತಂಬರಿಯ ವಾಸನೆ... ಗಾಡಿಯವರೆಲ್ಲ ಗೊರಕೆ ಹೊಡೆಯುತ್ತಿದ್ದರು. ಮುಂದಿನ ಗಾಡಿಯವನೊಬ್ಬ ಮಾತ್ರ ಎಚ್ಚರವಿರಬೇಕು, ಅದು ಅವರ ಕಟ್ಟಳೆ. ಮುಂದಿನ ಗಾಡಿ ಹೋದ ಕಡೆಗೇ ಉಳಿದ ಎತ್ತುಗಳೂ ಹೋಗುತ್ತವೆ.

ಒಂದು ರಾತ್ರಿ ಆ ಮುಂದಿನವನೂ ನಿದ್ದೆಗೆ ಜಾರಿದ್ದ. ನನಗೆ ಕಿಡಿಗೇಡಿ ಬುದ್ಧಿ ಬಂತು.

"ಬ್ಯಾಡ ಕಣಣ್ಣ. ಪಾಪ, ದಣಿದು ಮಲಗವ್ರೆ," ಎಂದ ಮುನಿರಾಜು.

"ಸುಮ್ನಿರೋ! ಬೆಳಗ್ಗೆ ಎದ್ದಾಗ ಮುಖ ಹೆಂಗಿರುತ್ತೆ ಹೇಳು?"

ಸೈಕಲ್ ನಿಲ್ಲಿಸಿ, ಮುಂದಿನ ಎತ್ತಿನ ಮೂಗುದಾರ ಹಿಡಿದು, ಮೆಲ್ಲಗೆ ಬಂದ ದಾರಿಗೇ ತಿರುಗಿಸಿದೆ. ಇಡೀ ಸಾಲು ಹಿಂದೆಯೇ ತಿರುಗಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುನಿರಾಜು ನಗಲಿಲ್ಲ.

ಎರಡು ದಿನದ ಮೇಲೆ ಎತ್ತಿಗೆ ಲಾಳ ಹೊಡೆಯುವ ಸಾಬರ ಬಾಯಲ್ಲಿ ಸುದ್ದಿ ಕೇಳಿದೆವು. ಬೆಳಗಾಗುವಾಗ ಗಾಡಿಗಳು ತಮ್ಮ ಊರಿಗೇ ವಾಪಸ್ ಹೋಗಿದ್ದವಂತೆ. ಸಂತೆ ತಪ್ಪಿ ಸೊಪ್ಪೆಲ್ಲ ಹಾಳು. ಉಳಿದವರು ಸಿಟ್ಟಿನಲ್ಲಿ ಮುಂದಿನ ಗಾಡಿಯವನನ್ನು ಕೆಳಗೆಳೆದು, ಗಾಡಿಯ ಗೂಟ ಕಿತ್ತು ಬಡಿದರಂತೆ. ಯಾರೋ ತಿರುಗಿಸಿದ್ದಾರೆ ಎಂದು ಅವನು ಬಾಯಿ ಬಡಿದುಕೊಂಡರೂ ಕೇಳಲಿಲ್ಲವಂತೆ. ತಲೆ ಒಡೆದು ಅಲ್ಲೇ ಸತ್ತುಹೋದ.

"ಯಾವ ಹಲ್ಕಾ ನನ್ಮಗ ತಿರುಗ್ಸಿದ್ನೋ," ಎಂದು ಸಾಬರು ಉಗಿದರು. ನಾವು ಸೈಕಲ್ ತಳ್ಳಿಕೊಂಡು ಬಂದೆವು.

ಮುನಿರಾಜುವಿಗೆ ಊಟ ಸೇರದಾಯಿತು. "ಅಣ್ಣ, ಆ ಊರಿಗೋಗಿ ಒಪ್ಕೊಂಬಿಡಾಣ," ಎಂದು ದಿನಾ ಕೇಳಿದ.

"ಬಾಯ್ಮುಚ್ಚು! ಮುಂದಿನ ತಿಂಗ್ಳು ನಿನ್ ಮದ್ವೆ, ಗೊತ್ತು ತಾನೆ? ಜೈಲಲ್ಲಿ ಕೂತ್ಕೊಂಡು ತಾಳಿ ಕಟ್ತೀಯಾ?" ಎಂದು ಗದರಿದೆ. ನಿಜ ಹೇಳಬೇಕೆಂದರೆ ಹೆದರಿದ್ದು ನಾನು.

ಅದಾಗಿ ಹದಿನೈದು ದಿನ ಕಳೆದಿರಬೇಕು. ಪಾಳಿ ಮುಗಿಸಿ ಬರುತ್ತಿದ್ದೆವು. ಗೊರಗುಂಟೆಪಾಳ್ಯ ದಾಟಿದ ಮೇಲೆ ಮುಂದೊಂದು ಒಂಟಿ ಗಾಡಿ ಕಾಣಿಸಿತು. ಗಂಟೆಯ ಸದ್ದಿಲ್ಲ. ಕೊಳೆತ ಸೊಪ್ಪಿನ ನಾತ ಗಪ್ಪೆಂದು ಬಡಿಯಿತು. ಪಕ್ಕದಲ್ಲಿ ಹಾದುಹೋಗುವಾಗ ಕತ್ತೆತ್ತಿ ನೋಡಿದೆ... ಗಾಡಿಯಲ್ಲಿ ಯಾರೂ ಇರಲಿಲ್ಲ.

ಜೋರಾಗಿ ತುಳಿದೆವು. ಇನ್ನೇನು ಯಶವಂತಪುರದ ರೈಲ್ವೆ ದೀಪ ಕಾಣಬೇಕು ಅನ್ನುವಾಗ, ಎದುರಿಗೆ ಬಂದದ್ದು ಗೊರಗುಂಟೆಪಾಳ್ಯ.

"ಅಣ್ಣ... ನಾವು ಯಾವಾಗ ತಿರುಗುದ್ವಿ?"

ಸೈಕಲ್ ತಿರುಗಿಸಿ ಮತ್ತೆ ಹೊರಟೆವು. ಈ ಸಲ ನನಗೆ ಗೊತ್ತಾಯಿತು. ಹ್ಯಾಂಡಲ್ಲನ್ನು ಯಾರೋ ಎಡಗಡೆಯಿಂದ ಹಿಡಿದು ಎಳೆಯುತ್ತಿದ್ದರು. ಮೆಲ್ಲಗೆ... ನಾನು ಎತ್ತನ್ನು ಎಳೆದ ಹಾಗೆ. ಕಿವಿಯ ಹತ್ತಿರ ಹೊಗೆಸೊಪ್ಪಿನ ಬಿಸಿ ಉಸಿರು.

"ಯಾವನ್ಲಾ ತಿರುಗ್ಸಿದ್ದು?"

ಇಬ್ಬರೂ ಸೈಕಲ್ ಸಮೇತ ಉರುಳಿದೆವು. ಸುತ್ತ ಯಾರೂ ಇಲ್ಲ. ಆ ಒಂಟಿ ಗಾಡಿ ಪಕ್ಕದಲ್ಲೇ ನಿಂತಿತ್ತು, ಲಾಟೀನು ಉರಿಯುತ್ತಿತ್ತು.

"ಏಳ್ರಲಾ. ಯಾವನು ತಿರುಗ್ಸಿದ್ದು?"

ಮುನಿರಾಜು ಬಾಯಿ ತೆರೆದ. ಎಲ್ಲಿ ನನ್ನ ಹೆಸರು ಹೇಳಿಬಿಡುತ್ತಾನೋ ಎಂದು ಹೆದರಿದೆ. ಬೆರಳು ತೋರಿಸಿ ಕಿರುಚಿದೆ: "ಇವ್ನು! ಇವ್ನೇ ತಿರುಗ್ಸಿದ್ದು!"

ಮೊದಲ ಏಟು ಅವನ ಭುಜಕ್ಕೆ ಬಿತ್ತು. ಹೊಡೆಯುವವರು ಕಾಣಲಿಲ್ಲ, ಏಟು ಮಾತ್ರ ಕೇಳುತ್ತಿತ್ತು. ಮರ ಮಾಂಸಕ್ಕೆ ಬಡಿಯುವ ಧಪ್, ಧಪ್... ಒಬ್ಬರಲ್ಲ, ನಾಲ್ಕೈದು ಜನ ಸುತ್ತುಗಟ್ಟಿದ ಹಾಗೆ ಎಲ್ಲ ಕಡೆಯಿಂದಲೂ. ಬಲಗೈ ಅಡ್ಡ ಹಿಡಿದ. ಮೂಳೆ ಲಟ್ಟೆಂದಿತು, ಕೈ ಜೋತುಬಿತ್ತು. ಬಿಸಿ ರಕ್ತ ನನ್ನ ಕೆನ್ನೆಗೆ ಸಿಡಿಯಿತು. ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಓಡಿಹೋಗಿ ಅಡ್ಡ ಬೀಳಬಹುದಿತ್ತು, ನಾನು ತಿರುಗಿಸಿದ್ದು ಎನ್ನಬಹುದಿತ್ತು. ಥೂ... ನಿಂತು ನೋಡಿದೆ.

ನೆಲದಲ್ಲಿ ಬಿದ್ದವನು ಕತ್ತು ಹೊರಳಿಸಿ ನನ್ನನ್ನೇ ನೋಡಿದ. ಆಮೇಲೆ ಕತ್ತಲಿನ ಕಡೆ ಮುಖ ಮಾಡಿ ಹೇಳಿದ: "ಹೂಂ. ನಾನೇ."

ಏಟು ನಿಂತಿತು. ಗಾಡಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ಜನ ಸೇರಿ ಹೊಡೆದ್ರು ರೀ? ಸುಳ್ಳು ಹೇಳ್ಬೇಡಿ," ಎಂದರು. ಸೈಕಲ್ಲಿಂದ ಬಿದ್ದದ್ದು ಎಂದು ಮುನಿರಾಜುವೇ ಹೇಳಿದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಹೆಣ್ಣಿನ ಕಡೆಯವರು ಮದುವೆ ಮುರಿದರು.

ಅವನು ನನ್ನ ಮೇಲೆ ಒಂದು ದಿನವೂ ಕೂಗಾಡಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ. ಆದರೆ ಆ ರಾತ್ರಿಯಿಂದ ನನ್ನನ್ನು ಅಣ್ಣ ಎಂದು ಕರೆದಿಲ್ಲ.

ಗಾಡಿ ತಿರುಗಿಸಿದ್ದು ನಾನು ಎಂದು ಅವನಿಗೆ ಗೊತ್ತು, ನನಗೆ ಗೊತ್ತು. ಅವನನ್ನು ಹೊಡೆದವರಿಗೆ ಗೊತ್ತಾಗಿದೆಯೋ ಇಲ್ಲವೋ... ಅದೊಂದು ತಿಳಿಯದೆ ಈ ವಯಸ್ಸಿನಲ್ಲೂ ಕತ್ತಲಾದ ಮೇಲೆ ನಾನು ಹೊಸಿಲು ದಾಟುವುದಿಲ್ಲ.