ತಂಗಿಯ ಕೋಟಿನ ಅಳತೆ

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿಯವಳು, ಕೊರಳಲ್ಲಿ ಸದಾ ಅಳತೆಯ ಟೇಪು, ನಾಲಿಗೆಯಲ್ಲಿ ಸದಾ ಖಾರ. ಗಿರಾಕಿ "ನನ್ನ ಸೊಂಟ ಮೂವತ್ತು" ಎಂದು ಬಾಯಿ ತೆರೆದರೆ ಸಾಕು, "ಹೇಳ್ಬೇಡಿ, ಸುಮ್ನೆ ಕೈ ಎತ್ತಿ" ಎಂದು ಗದರುತ್ತಿದ್ದಳು. ಅದು ಸೊಕ್ಕಲ್ಲ, ಅನುಭವ. ಕಿವಿಗೆ ಬಿದ್ದ ಅಂಕಿ ಕೈಯನ್ನೂ ತನ್ನತ್ತ ಎಳೆಯುತ್ತದೆ. ಗೊತ್ತಿಲ್ಲದೆಯೇ ಟೇಪನ್ನು ಬಿಗಿಹಿಡಿದು ಮೂವತ್ತಮೂರನ್ನು ಮೂವತ್ತೊಂದು ಎಂದು ಓದಿಬಿಡುತ್ತೇವೆ. ಒಳ್ಳೊಳ್ಳೆ ಬಟ್ಟೆ ಕೆಡಿಸಿಕೊಂಡೇ ಅವಳು ಇದನ್ನು ಕಲಿತಿದ್ದಳು. ಈಗ ಅವಳ ಕತ್ತರಿ ತಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತು.

ಆದರೆ ದೀಪದ ಬುಡದಲ್ಲೇ ಕತ್ತಲೆ. ಒಡಹುಟ್ಟಿದ ತಂಗಿಯ ಮೈಗೆ ಅವಳು ಟೇಪು ಹಿಡಿದು ವರ್ಷಗಳೇ ಆಗಿದ್ದವು. ತಂಗಿ ಎಂದರೆ ಎದೆಯಳತೆ ಮೂವತ್ತೆಂಟು ಇಂಚು, ಅದು ಬಾಯಿಪಾಠ. ಚಳಿಗೊಂದು ಕೋಟು ಬೇಕೆಂದು ತಂಗಿ ಬಂದಾಗ ಮುಖ ಇಳಿದಂತಿತ್ತು.

"ಸಣ್ಣಗಾಗಿದ್ದೀಯಲ್ಲೇ?"

"ಕೆಲಸ ಜಾಸ್ತಿ ಅಕ್ಕ. ಹಳೇ ಅಳತೆಗೇ ಹೊಲಿ."

ಅಕ್ಕ ಕಣ್ಣಲ್ಲೇ ಅಳೆದು, ಮೂವತ್ತೆಂಟರಲ್ಲಿ ಒಂದಿಂಚು ಕಳೆದಳು. ಅಷ್ಟು ಕಳೆದದ್ದೇ ಹೆಚ್ಚಾಯಿತೇನೋ ಎಂದು ಅನುಮಾನಿಸುತ್ತಲೇ ಬಟ್ಟೆ ಕತ್ತರಿಸಿದಳು.

ಮುಂದಿನ ವಾರ ತಂಗಿ ಕನ್ನಡಿಯೆದುರು ಕೋಟು ತೊಟ್ಟಳು. ಭುಜ ಜಾರಿತು. ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬಳಿಗೆ ಜಾಗವಿತ್ತು.

"ಕೊನೆಗೂ ತಪ್ಪಿದೆಯಲ್ಲಕ್ಕ! ಬೀದಿಗೆಲ್ಲ ಡಂಗುರ ಸಾರ್ತೀನಿ" ಎಂದು ತಂಗಿ ನಕ್ಕಳು.

ಅಕ್ಕನಿಗೆ ನಗು ಬರಲಿಲ್ಲ. ಕೋಟು ಬಿಚ್ಚಿಸಿ ಟೇಪು ಸುತ್ತಿದಳು. ಮೂವತ್ತೆರಡು. ಮತ್ತೆ ಸುತ್ತಿದಳು. ಅಷ್ಟೇ. ಕಣ್ಣೆದುರೇ ಕರಗುತ್ತಿದ್ದ ತಂಗಿಯನ್ನು ಹಳೆಯ ಅಂಕಿಯೊಂದು ತನ್ನಿಂದ ಮರೆಮಾಡಿತ್ತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಕೆಲಸಕ್ಕೆ ಇಷ್ಟು ಮೈ ಇಳಿಯಲ್ಲ ಕಣೇ. ನಿಜ ಹೇಳು."

ತಂಗಿಯ ಕಣ್ಣು ತುಂಬಿತು. "ತಿಂದಿದ್ದು ಮೈಗೆ ಹತ್ತೋದೇ ಇಲ್ಲ ಅಕ್ಕ. ಏನಿರುತ್ತೋ ಅಂತ ಭಯ ಆಗಿ ಯಾರಿಗೂ ಹೇಳಿಲ್ಲ."

ಅಳುವುದಕ್ಕೆ ಆಮೇಲೆ ಸಮಯವಿದೆ ಎಂದುಕೊಂಡ ಅಕ್ಕ, ಹೊರಗೆ ಕಾದು ಕುಳಿತಿದ್ದ ಗಿರಾಕಿಗಳನ್ನೆಲ್ಲ ಕಳಿಸಿ ಅಂಗಡಿಯ ಬಾಗಿಲೆಳೆದಳು. ತಂಗಿಯ ಕೈ ಹಿಡಿದು ನೇರ ಆಸ್ಪತ್ರೆಗೆ ನಡೆದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಕಾಯಿಲೆ ಇದೆ, ಔಷಧಿಯೂ ಇದೆ, ಸಕಾಲಕ್ಕೆ ಬಂದಿರಿ ಎಂದರು.

ಹೊರಗೆ ಬಂದಾಗ ತಂಗಿ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಆ ಕೋಟನ್ನ ಸ್ವಲ್ಪ ಬಿಗಿ ಮಾಡ್ಕೊಡ್ತೀಯಾ?"

"ಒಂದು ಹೊಲಿಗೇನೂ ಒಳಗೆ ಹಾಕಲ್ಲ. ನೀನೇ ಮೈ ತುಂಬ್ಕೊಂಡು ಬಾ."