ತಕ್ಕಡಿಗೆ ಕಾವಲಿದ್ದ ಮನೆದೇವರು

ಕೌಲ್ ಬಜಾರಿನ ಬೆಲ್ಲದ ವ್ಯಾಪಾರಿ ಮರಿಬಸಪ್ಪನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲವೆಂದು ಹೇಳುತ್ತಿದ್ದವನು ಮರಿಬಸಪ್ಪ ಒಬ್ಬನೇ. ಹೊಸಬರು ಅಂಗಡಿಯ ಮೆಟ್ಟಿಲು ಹತ್ತಿದರೆ, ಮನೆದೇವರು ಯಾವುದೆಂದು ಕೇಳದೆ ಅವನು ಮಾತಿಗೇ ಇಳಿಯುತ್ತಿರಲಿಲ್ಲ. ಈ ಚಾಳಿ ಬಜಾರಿಗೆಲ್ಲ ಗೊತ್ತಿತ್ತು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಖಾಕಿ ತೊಟ್ಟವನೊಬ್ಬ ಬಂದ. ಮರಿಬಸಪ್ಪ ಬಾಯಿ ತೆರೆಯುವ ಮೊದಲೇ ಗದರಿಸಿದ: “ನಿಲ್ರಿ! ತಕ್ಕಡಿ ಕದಿಯೋ ಕಳ್ಳ ಸಾಹೇಬ ಒಬ್ಬ ಊರಾಗ ಅಡ್ಡಾಡಾಕತ್ತಾನ. ನೀವು ಖರೇನ ಮರಿಬಸಪ್ಪ ಅಂತ ನಾ ಹೆಂಗ ನಂಬಲಿ? ನಿಮ್ಮ ಮನಿದೇವ್ರು ಯಾವುದು?”

“ಕುರುಗೋಡು ಬಸವಣ್ಣರಿ,” ಎಂದ ಮರಿಬಸಪ್ಪ, ಕೈಕಟ್ಟಿ ನಿಂತು.

“ಪಾಸಾದ್ರಿ. ತಕ್ಕಡಿ ಕೊಡ್ರಿ, ಸರ್ಕಾರಿ ಮುದ್ರಿ ಒತ್ತಿಸಿ ತರ್ತೀನಿ.”

ಮರಿಬಸಪ್ಪ ತಕ್ಕಡಿಯನ್ನು ಒರೆಸಿ, ತೂಕದ ಕಲ್ಲುಗಳನ್ನೂ ಚೀಲಕ್ಕೆ ತುಂಬಿ, ಜಟಕಾದ ತನಕ ತಾನೇ ಹೊತ್ತುಕೊಂಡು ಹೋಗಿ ಕೊಟ್ಟ.

ಮರುವಾರ ತೂಕದ ಇಲಾಖೆಯ ನಿಜವಾದ ಸಾಹೇಬರು ಬಂದು, ಗುರುತಿನ ಚೀಟಿ ತೋರಿಸಿ, ತಕ್ಕಡಿ ಎಲ್ಲಿ ಎಂದು ಕೇಳಿದರು. ಮರಿಬಸಪ್ಪ ಅವರನ್ನು ಬೆಲ್ಲದ ಗೋದಾಮಿಗೆ ತಳ್ಳಿ ಬೀಗ ಜಡಿದ.

ಪೊಲೀಸರು ಬಂದು ಬಾಗಿಲು ತೆಗೆಸಿದಾಗ ಸಾಹೇಬರ ಮೈತುಂಬ ಇರುವೆ. ಮರಿಬಸಪ್ಪನದು ಮಾತ್ರ ಒಂದೇ ಹಟ:

“ಇಂವಾ ಖರೇ ಸಾಹೇಬ ಆಗಿದ್ರ, ನನ್ನ ಮನಿದೇವ್ರು ಯಾವುದಂತ ಕೇಳದೇ ಇರ್ತಿದ್ನೇನ್ರಿ?”